ವೇಷ ತೊಡುವ ಮಕ್ಕಳು, ಜೊತೆ ನಡೆಯುವ ಹೆತ್ತವರು



ಬೆಂಗಳೂರಿನಲ್ಲಿ 2012ರಿಂದ ‘ಕಾಮಿಕ್ ಕಾನ್’ ಎಂಬ ಮೇಳವೊಂದು ನಡೆಯುತ್ತ ಬಂದಿದೆ. ಚಿತ್ರಕಥೆ, ಜಪಾನಿನ ಅನಿಮೆ ಸರಣಿ, ವಿಜ್ಞಾನ ಕಾದಂಬರಿ, ಸಿನಿಮಾ ಮತ್ತು ವಿಡಿಯೊ ಆಟಗಳ ಅಭಿಮಾನಿಗಳು ಅಲ್ಲಿ ಸೇರುತ್ತಾರೆ. ಪುಸ್ತಕ, ಗೊಂಬೆ, ಚಿತ್ರಪಟಗಳ ಮಳಿಗೆಗಳಿರುತ್ತವೆ. ಕಲಾವಿದರೊಂದಿಗೆ ಮಾತುಕತೆ ಇರುತ್ತದೆ. ಆದರೆ ಎಲ್ಲಕ್ಕಿಂತ ಮೊದಲು ಕಣ್ಣಿಗೆ ಬೀಳುವುದು ವೇಷಗಳು. ತಮಗೆ ಮೆಚ್ಚುಗೆಯಾದ ಪಾತ್ರದಂತೆ ಉಡುಪು ತೊಟ್ಟು, ಬಣ್ಣ ಹಚ್ಚಿಕೊಂಡು ಯುವಜನರು ಅಲ್ಲಿ ಓಡಾಡುತ್ತಾರೆ. ಇದಕ್ಕೆ ‘ಕಾಸ್‌ಪ್ಲೇ’ ಎಂದು ಹೆಸರು.

ಇದನ್ನು ಕುರಿತು ಹೆತ್ತವರು ನಮ್ಮನ್ನು ಕೇಳುವುದುಂಟು. ಒಬ್ಬ ತಾಯಿ ಹೇಳಿದರು: “ಸ್ವಾಮಿ, ಮಗ ಹತ್ತನೇ ಕ್ಲಾಸು. ಎರಡು ತಿಂಗಳಿಂದ ಹಸಿರು-ಕಪ್ಪು ಚೌಕಳಿ ಬಟ್ಟೆ ಹೊಲಿಸಿಕೊಂಡು, ಫೋಮಿನಲ್ಲಿ ಕತ್ತಿ ಮಾಡಿಕೊಂಡು ಕೂತಿದ್ದಾನೆ. ಕಥೆಯ ಹೆಸರಿನಲ್ಲೇ ದೆವ್ವ ಇದೆ. ಅವರಪ್ಪ ಬೈದರು. ಈಗ ಅವನು ಮನೆಯಲ್ಲಿ ಯಾರ ಹತ್ತಿರವೂ ಸರಿಯಾಗಿ ಮಾತಾಡುತ್ತಿಲ್ಲ. ಕಳಿಸಬೇಕೋ ಬೇಡವೋ?”

ಇಲ್ಲಿ ಮೇಳಕ್ಕೆ ಹೋಗುವ ಪ್ರಶ್ನೆ ಚಿಕ್ಕದು. ಮಗನ ಬಾಯಿ ಮುಚ್ಚಿಹೋದದ್ದು ದೊಡ್ಡದು. ಆದ್ದರಿಂದ ಈ ವಿಷಯವನ್ನು ಸ್ವಲ್ಪ ನಿಧಾನವಾಗಿ ಪರಿಶೀಲಿಸೋಣ.

ಈ ಮೇಳ ಎಲ್ಲಿಂದ ಬಂತು?

ಇದು ನಿನ್ನೆ ಮೊನ್ನೆಯ ಹುಚ್ಚಲ್ಲ. 1939ರ ಜುಲೈ ತಿಂಗಳಲ್ಲಿ ನ್ಯೂಯಾರ್ಕ್ ನಗರದಲ್ಲಿ ವಿಜ್ಞಾನ ಕಥೆಗಳ ಅಭಿಮಾನಿಗಳು ತಮ್ಮ ಮೊದಲ ವಿಶ್ವ ಸಮ್ಮೇಳನ ನಡೆಸಿದರು. ಸೇರಿದವರು ಸುಮಾರು 200 ಮಂದಿ. ಲಾಸ್ ಏಂಜಲೀಸ್‌ನಿಂದ ಬಂದ ಫಾರೆಸ್ಟ್ ಅಕರ್ಮನ್ ಮತ್ತು ಮರ್ಟಲ್ ಡಗ್ಲಾಸ್ ಎಂಬ ಇಬ್ಬರು ಮುಂದಿನ ಕಾಲದ ಜನರಂತೆ ವೇಷ ತೊಟ್ಟು ಬಂದರು. ಎರಡೂ ಉಡುಪುಗಳನ್ನು ಹೊಲಿದವರು ಮರ್ಟಲ್ ಅವರೇ. 1970ರಲ್ಲಿ ಅಮೆರಿಕದ ಸ್ಯಾನ್ ಡಿಯಾಗೋ ನಗರದಲ್ಲಿ ಕಾಮಿಕ್ ಕಾನ್ ಶುರುವಾಯಿತು. 1975ರಲ್ಲಿ ಟೋಕಿಯೋದಲ್ಲಿ ‘ಕಾಮಿಕೆಟ್’ ಆರಂಭವಾಯಿತು. 1980ರ ದಶಕದಲ್ಲಿ ಜಪಾನಿನ ನೊಬುಯುಕಿ ತಕಹಾಶಿ ಎಂಬವರು ‘ಕಾಸ್ಟ್ಯೂಮ್’ ಮತ್ತು ‘ಪ್ಲೇ’ ಎಂಬ ಎರಡು ಮಾತುಗಳನ್ನು ಕೂಡಿಸಿ ಕಾಸ್‌ಪ್ಲೇ ಎಂದು ಕರೆದರು. ನಮ್ಮ ದೇಶದಲ್ಲಿ ಮೊದಲ ಕಾಮಿಕ್ ಕಾನ್ 2011ರಲ್ಲಿ ದೆಹಲಿಯಲ್ಲಿ ನಡೆಯಿತು. ಮರುವರ್ಷ ಬೆಂಗಳೂರಿಗೂ ಬಂತು.

ಕಾಸ್‌ಪ್ಲೇ ಎಂದರೆ ವೇಷದ ಆಟ. ಹಾಗಾದರೆ ಮೊದಲು ಆಟದ ಬಗ್ಗೆ, ಆಮೇಲೆ ವೇಷದ ಬಗ್ಗೆ ಯೋಚಿಸೋಣ.

ಆಟವೂ ಒಂದು ಸದ್ಗುಣ

ಆಟವೆಂದರೆ ಸಮಯ ಹಾಳು ಎಂದು ನಮ್ಮಲ್ಲಿ ಅನೇಕರು ತಿಳಿದಿದ್ದಾರೆ. ಧರ್ಮಸಭೆಯ ಮಹಾ ಪಂಡಿತರಾದ ಸಂತ ತೋಮಸ್ ಅಕ್ವಿನಾಸರು ಹಾಗೆ ತಿಳಿದಿರಲಿಲ್ಲ. ಅವರು ತಮ್ಮ ‘ಸುಮ್ಮಾ ಥಿಯೋಲೋಜಿಯಾ’ ಗ್ರಂಥದಲ್ಲಿ ಆಟವಾಡುವುದರಲ್ಲೂ ಸದ್ಗುಣವಿರಬಹುದೇ ಎಂಬ ಪ್ರಶ್ನೆಯನ್ನೇ ಎತ್ತಿಕೊಂಡು, ಹೌದು ಎಂದು ಉತ್ತರ ಕೊಡುತ್ತಾರೆ. ದಣಿದ ದೇಹಕ್ಕೆ ನಿದ್ರೆ ಬೇಕಾದಂತೆ ದಣಿದ ಮನಸ್ಸಿಗೆ ವಿನೋದ ಬೇಕು ಎಂಬುದು ಅವರ ವಾದ. ಅದಕ್ಕೊಂದು ಹಳೆಯ ಕಥೆಯನ್ನೂ ಹೇಳುತ್ತಾರೆ. ಶುಭಸಂದೇಶಕಾರ ಸಂತ ಯೊವಾನ್ನರು ಶಿಷ್ಯರೊಂದಿಗೆ ಆಡುತ್ತಿರುವುದನ್ನು ಕಂಡು ಕೆಲವರು ಮುಖ ಸಿಂಡರಿಸಿದರಂತೆ. ಸಂತರು ಅವರಲ್ಲಿ ಬಿಲ್ಲು ಹಿಡಿದಿದ್ದ ಒಬ್ಬನಿಗೆ ಬಾಣ ಬಿಡಲು ಹೇಳಿದರು. ಅವನು ಹಲವು ಬಾಣ ಬಿಟ್ಟ ಮೇಲೆ, “ಹೀಗೇ ಬಿಡುತ್ತಲೇ ಇರಬಲ್ಲೆಯಾ?” ಎಂದು ಕೇಳಿದರು. “ಹಾಗೆ ಮಾಡಿದರೆ ಬಿಲ್ಲು ಮುರಿಯುತ್ತದೆ” ಎಂದ ಅವನು. ಸದಾ ಬಿಗಿದಿಟ್ಟ ಮನಸ್ಸೂ ಹಾಗೆಯೇ ಎಂದರು ಸಂತರು.

ಆಟವನ್ನು ಹದವಾಗಿ ಆಡಬಲ್ಲ ಈ ಗುಣವನ್ನು ಅರಿಸ್ಟಾಟಲ್ ‘ಯುತ್ರಪೇಲಿಯ’ ಎಂದು ಕರೆದಿದ್ದ. ಅಕ್ವಿನಾಸರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತಾರೆ. ತಾನೂ ನಗದೆ, ನಗುವವರನ್ನೂ ಸಹಿಸದೆ ಇರುವುದು ಕೂಡ ಒಂದು ದೋಷವೇ ಎನ್ನುತ್ತಾರೆ. ಟ್ಯೂಶನ್, ಪರೀಕ್ಷೆ, ಅಂಕಗಳೆಂದು ಮಕ್ಕಳ ಬಿಲ್ಲನ್ನು ವರ್ಷವಿಡೀ ಬಿಗಿದಿಡುವ ಮನೆಗಳು ಈ ಮಾತನ್ನು ಗಮನಿಸಬೇಕು.

ವೇಷ ಬೇರೆ, ಸೋಗು ಬೇರೆ

ವೇಷ ಹಾಕುವುದೆಂದರೆ ಸುಳ್ಳಾಡುವುದಲ್ಲವೇ ಎಂದು ಕೆಲವರು ಕೇಳಬಹುದು. ಪ್ರಭು ಯೇಸು ಫರಿಸಾಯರನ್ನು ಖಂಡಿಸಿದ ‘ಕಪಟಿಗಳು’ ಎಂಬ ಮಾತಿಗೆ ಗ್ರೀಕ್ ಮೂಲದಲ್ಲಿರುವ ಪದ ರಂಗದ ನಟನಿಗೂ ಇದ್ದ ಹೆಸರು. ಆದರೆ ನಟ ಮತ್ತು ಕಪಟಿಯ ನಡುವೆ ಒಂದು ಮುಖ್ಯ ವ್ಯತ್ಯಾಸವಿದೆ. ನಟ ತಾನು ವೇಷದಲ್ಲಿದ್ದೇನೆಂದು ಎಲ್ಲರಿಗೂ ತಿಳಿಯುವಂತೆ ವೇಷ ತೊಡುತ್ತಾನೆ; ಕಪಟಿ ಯಾರಿಗೂ ತಿಳಿಯದಂತೆ ತೊಡುತ್ತಾನೆ. ಕಾಮಿಕ್ ಕಾನ್‌ನಲ್ಲಿ ಯಾರೂ ಮೋಸಹೋಗುವುದಿಲ್ಲ. ‘ಇದನ್ನು ನೀನೇ ಮಾಡಿದೆಯಾ?’ ಎಂಬುದೇ ಅಲ್ಲಿ ಅಪರಿಚಿತರು ಮಾತು ಶುರುಮಾಡುವ ಬಗೆ.

ದುಷ್ಟ ಪಾತ್ರದ ವೇಷವಾದರೆ? ನಮ್ಮ ಧರ್ಮಕೇಂದ್ರಗಳ ಕ್ರಿಸ್ಮಸ್ ನಾಟಕದಲ್ಲಿ ಹೆರೋದನ ಪಾತ್ರವನ್ನು ಯಾರಾದರೂ ಮಾಡಲೇಬೇಕು. ಪಾಡುಗಳ ನಾಟಕದಲ್ಲಿ ಯೂದಾಸನಾಗಲು ಒಬ್ಬ ಒಳ್ಳೆಯ ಹುಡುಗ ಬೇಕು. ಆ ವೇಷ ಅವನನ್ನು ಕೆಡಿಸುವುದಿಲ್ಲ. ಹಾಗಾಗಿ ವೇಷವನ್ನು ನೋಡಿ ತೀರ್ಪು ಕೊಡುವ ಮೊದಲು, ಆ ಪಾತ್ರದಲ್ಲಿ ಮಗು ಏನನ್ನು ಮೆಚ್ಚಿದೆ ಎಂದು ಕೇಳಬೇಕು.

ಆ ತಾಯಿ ಹೇಳಿದ ಚೌಕಳಿ ಬಟ್ಟೆ ‘ಡೀಮನ್ ಸ್ಲೇಯರ್’ ಎಂಬ ಜಪಾನೀ ಕಥೆಯ ನಾಯಕ ತಾಂಜಿರೊನದು. 2016ರಿಂದ 2020ರವರೆಗೆ ಪತ್ರಿಕೆಯಲ್ಲಿ ಬಂದ ಚಿತ್ರಕಥೆ ಅದು. ತಾಂಜಿರೊ ಇದ್ದಿಲು ಮಾರಿ ಮನೆ ಸಾಕುವ ಬಡ ಹುಡುಗ. ಒಂದು ರಾತ್ರಿ ರಾಕ್ಷಸನೊಬ್ಬ ಅವನ ಕುಟುಂಬವನ್ನು ಕೊಲ್ಲುತ್ತಾನೆ. ಉಳಿದ ಒಬ್ಬಳೇ ತಂಗಿ ರಾಕ್ಷಸಿಯಾಗಿಬಿಡುತ್ತಾಳೆ. ಅವಳನ್ನು ಕೊಲ್ಲದೆ, ಕೈಬಿಡದೆ, ಮತ್ತೆ ಮನುಷ್ಯಳನ್ನಾಗಿ ಮಾಡಲು ಅಣ್ಣ ಪಡುವ ಪಾಡೇ ಕಥೆ. ತಾನು ಸೋಲಿಸಿದ ಶತ್ರುವಿಗಾಗಿಯೂ ಅವನು ಮರುಗುತ್ತಾನೆ. ಹೆಸರಿನಲ್ಲಿ ದೆವ್ವವಿದೆ ನಿಜ. ಒಳಗಿರುವುದು ಒಡಹುಟ್ಟಿದವರ ಪ್ರೀತಿ. ಜೊತೆಗೆ ರಕ್ತಪಾತವೂ ಸಾಕಷ್ಟಿದೆ. ಚಿಕ್ಕ ಮಕ್ಕಳಿಗೆ ಅದು ಸಲ್ಲದು. ಇವೆರಡೂ ನಮಗೆ ಗೊತ್ತಾಗಬೇಕಾದರೆ ಮಗುವಿನ ಪಕ್ಕದಲ್ಲಿ ಕುಳಿತು ಒಂದೆರಡು ಕಂತನ್ನಾದರೂ ನೋಡಬೇಕು. ನೋಡದೆ ಬೈದರೆ ಮಗು ಕಲಿಯುವುದು ಒಂದೇ: ಮನೆಯಲ್ಲಿ ಹೇಳಬಾರದು ಎಂಬುದನ್ನು.

ವೇಷ ಸೇವೆಯಾದಾಗ

‘ಸ್ಟಾರ್ ವಾರ್ಸ್’ ಚಿತ್ರಗಳಲ್ಲಿ ಬಿಳಿ ಕವಚ ತೊಟ್ಟ ಸೈನಿಕರಿದ್ದಾರೆ. ಅವರು ಕೆಟ್ಟವರ ಪಡೆ. ಅಮೆರಿಕದ ಆಲ್ಬಿನ್ ಜಾನ್ಸನ್ ಎಂಬವರು 1997ರಲ್ಲಿ ಆ ವೇಷ ತೊಡುವ ಅಭಿಮಾನಿಗಳ ಸಂಘವನ್ನು ಕಟ್ಟಿದರು. ಅದರ ಹೆಸರು ‘501ನೇ ಲೀಜನ್’. ಇಂದು ಹಲವು ದೇಶಗಳಲ್ಲಿರುವ ಅದರ ಸದಸ್ಯರು ಅದೇ ಕವಚ ತೊಟ್ಟು ಮಕ್ಕಳ ಆಸ್ಪತ್ರೆಗಳಿಗೆ ಹೋಗುತ್ತಾರೆ, ದಾನ ಸಂಗ್ರಹಿಸುತ್ತಾರೆ.

ಜಾನ್ಸನ್ ಅವರ ಪುಟ್ಟ ಮಗಳಿಗೆ ಮೆದುಳಿನ ಕ್ಯಾನ್ಸರ್ ಆಯಿತು. ಆ ಚಿತ್ರಗಳಲ್ಲಿ ಬರುವ ಪುಟ್ಟ ರೋಬೋ ಒಂದು ತಂಗಿಯ ಹಾಸಿಗೆಯ ಬಳಿ ಕಾವಲಿರಲಿ ಎಂದು ಅಕ್ಕ ಆಸೆಪಟ್ಟಳು. ಸುದ್ದಿ ತಿಳಿದ ಅಭಿಮಾನಿಗಳು 2005ರ ಜುಲೈ ತಿಂಗಳಲ್ಲಿ ಗುಲಾಬಿ ಬಣ್ಣ ಬಳಿದ ರೋಬೋ ಒಂದನ್ನು ಆ ಮಗುವಿನ ಬಳಿಗೆ ತಲುಪಿಸಿದರು. ಆಗಸ್ಟ್‌ನಲ್ಲಿ ಮಗು ತೀರಿಕೊಂಡಿತು. ಅವಳ ನೆನಪಿಗಾಗಿ ಕಟ್ಟಿದ ಗುಲಾಬಿ ರೋಬೋ ಆಮೇಲೆ ಬೇರೆ ಮಕ್ಕಳ ಹಾಸಿಗೆಯ ಬಳಿಗೆ ಹೋಗತೊಡಗಿತು. ರೋಗಿಗಳನ್ನು ಸಂದರ್ಶಿಸುವುದು ದಯಾಕಾರ್ಯಗಳಲ್ಲಿ ಒಂದೆಂದು ನಾವು ಧರ್ಮೋಪದೇಶದಲ್ಲಿ ಕಲಿತಿದ್ದೇವೆ. ಪ್ಲಾಸ್ಟಿಕ್ ಕವಚದೊಳಗಿಂದಲೂ ಅದನ್ನು ಮಾಡಬಹುದು.

ಲುಕಾ ಪಟ್ಟಣದ ಮೇಳದಲ್ಲಿ ಧರ್ಮಸಭೆ

ಇಟಲಿಯ ಲುಕಾ ಕೋಟೆಗೋಡೆಯೊಳಗಿನ ಹಳೆಯ ಪಟ್ಟಣ. ಅಲ್ಲಿನ ಪ್ರಧಾನಾಲಯದಲ್ಲಿ ಶಿಲುಬೆಗೇರಿದ ಪ್ರಭುವಿನ ಪುರಾತನ ಮರದ ಪ್ರತಿಮೆಯಿದೆ. ಅದನ್ನು ‘ಪವಿತ್ರ ಮುಖ’ ಎನ್ನುತ್ತಾರೆ. 1966ರಿಂದ ಆ ಊರು ಚಿತ್ರಕಥೆಗಳ ಮೇಳಕ್ಕೂ ಪ್ರಸಿದ್ಧ. ಬೀದಿ ಬೀದಿಯಲ್ಲಿ ವೇಷಧಾರಿಗಳು ನಡೆದಾಡುತ್ತಾರೆ. 2022ರಲ್ಲಿ 3 ಲಕ್ಷಕ್ಕೂ ಹೆಚ್ಚು ಟಿಕೆಟ್‌ಗಳು ಮಾರಾಟವಾದವು.

2024ರಲ್ಲಿ ವ್ಯಾಟಿಕನ್ ಮೊದಲ ಬಾರಿ ಆ ಮೇಳದಲ್ಲಿ ತನ್ನದೊಂದು ಮಳಿಗೆ ತೆರೆಯಿತು. ಮಹಾಧರ್ಮಾಧ್ಯಕ್ಷ ರಿನೊ ಫಿಸಿಕೆಲ್ಲ ಅವರು 2025ರ ಜುಬಿಲಿ ವರ್ಷಕ್ಕಾಗಿ ‘ಲೂಚೆ’ ಎಂಬ ಬಾಲಕಿಯ ಚಿತ್ರವನ್ನು ಪರಿಚಯಿಸಿದ್ದರು. ಲೂಚೆ ಎಂದರೆ ಇಟಾಲಿಯನ್ ಭಾಷೆಯಲ್ಲಿ ಬೆಳಕು. ಅನಿಮೆ ಮಾದರಿಯ ದೊಡ್ಡ ಕಣ್ಣು, ವ್ಯಾಟಿಕನ್ ಧ್ವಜದ ಹಳದಿ ಬಣ್ಣದ ಮಳೆಯಂಗಿ, ಕೆಸರು ಮೆತ್ತಿದ ಬೂಟು, ಕೊರಳಲ್ಲಿ ಜಪಸರ, ಕೈಯಲ್ಲಿ ಯಾತ್ರಿಕರ ಕೋಲು. ಕಣ್ಣಿನೊಳಗೆ ಯಾತ್ರೆಯ ಗುರುತಾದ ಚಿಪ್ಪಿನ ಹೊಳಪು. ಕೆಲವು ಕಥೋಲಿಕರಿಗೆ ಇದು ಹಿಡಿಸಲಿಲ್ಲ, ಬಾಲಿಶವೆಂದರು. ಆದರೆ ಯುವಜನರು ಆ ಹಳದಿ ಅಂಗಿ ಹೊಲಿದು ತೊಟ್ಟುಕೊಂಡರು. ಯಾತ್ರೆ ಎಂದರೇನು, ಜಪಸರ ಏಕೆ ಎಂದು ಕೇಳದೆ ಆ ವೇಷವನ್ನು ಹೊಲಿಯುವುದು ಕಷ್ಟ. ಮಕ್ಕಳು ಎಲ್ಲಿದ್ದಾರೋ ಅಲ್ಲಿಗೆ ನಾವು ಹೋಗಬೇಕು ಎಂಬುದು ಇಲ್ಲಿನ ಪಾಠ.

ಮೂರು ಅಳತೆಗಳು

ಹಾಗೆಂದು ಕಣ್ಣುಮುಚ್ಚಿ ಕಳಿಸಿಬಿಡಿ ಎಂದು ಹೇಳುತ್ತಿಲ್ಲ. ಅಕ್ವಿನಾಸರು ಆಟಕ್ಕೆ ಮೂರು ಎಚ್ಚರಿಕೆಗಳನ್ನು ಕೊಟ್ಟಿದ್ದಾರೆ. ಅವನ್ನು ಈ ಮೇಳಕ್ಕೆ ಅನ್ವಯಿಸಿ ನೋಡೋಣ.

ಮೊದಲನೆಯದು, ಆಟ ಅಸಭ್ಯವಾಗಬಾರದು, ಯಾರಿಗೂ ಕೇಡು ಮಾಡಬಾರದು. ವೇಷ ತೊಟ್ಟ ಹುಡುಗಿಯರನ್ನು ಮುಟ್ಟುವ, ಕೇಳದೆ ಫೋಟೊ ತೆಗೆಯುವ ಕೆಟ್ಟ ಚಾಳಿ ಮೇಳಗಳಲ್ಲಿ ಇತ್ತು, ಪೂರ್ತಿ ಹೋಗಿಲ್ಲ. 2014ರಲ್ಲಿ ನ್ಯೂಯಾರ್ಕ್ ಕಾಮಿಕ್ ಕಾನ್, ವೇಷವೆಂದರೆ ಸಮ್ಮತಿಯಲ್ಲ ಎಂಬ ಅರ್ಥದ ದೊಡ್ಡ ಫಲಕಗಳನ್ನು ಹಾಕಿತು. ನಿಮ್ಮ ಗಂಡುಮಕ್ಕಳಿಗೆ ಇದನ್ನು ಮನೆಯಲ್ಲೇ ಹೇಳಿ ಕಳಿಸಿ: ಮೊದಲು ಕೇಳು, ಬೇಡವೆಂದರೆ ಸುಮ್ಮನೆ ಮುಂದೆ ಹೋಗು. ಹೆಣ್ಣುಮಕ್ಕಳಿಗೂ ಹೇಳಿ: ತೊಂದರೆಯಾದರೆ ತಪ್ಪು ನಿನ್ನದಲ್ಲ, ಕೂಡಲೇ ಸ್ವಯಂಸೇವಕರಿಗೆ ತಿಳಿಸು, ನಮಗೆ ಫೋನ್ ಮಾಡು. ಉಡುಪು ತೊಟ್ಟವರಿಗೆ ಕೂರಲು, ನಡೆಯಲು, ಮೆಟ್ಟಿಲೇರಲು ಆಗುವಂತಿರಲಿ. ಅಂಟು ಹಚ್ಚುವಾಗ ಕಿಟಕಿ ತೆರೆದಿರಲಿ. ಕತ್ತಿ, ಈಟಿಗಳೆಲ್ಲ ಫೋಮಿನವೇ ಆಗಿರಲಿ.

ಎರಡನೆಯದು, ಆಟದಲ್ಲಿ ಮನಸ್ಸು ತನ್ನ ಹಿಡಿತ ಕಳೆದುಕೊಳ್ಳಬಾರದು. ಮಗು ವೇಷ ಕಳಚಿದ ಮೇಲೂ ಸಂತೋಷವಾಗಿದೆಯೇ? ಅಥವಾ ತನ್ನ ಸ್ವಂತ ಮುಖ ಬೇಡವೆಂದು ವೇಷದೊಳಗೆ ಅಡಗಿಕೊಂಡಿದೆಯೇ? ಎರಡನೆಯದಾದರೆ ಬೈಗುಳ ಬೇಡ, ಆಸರೆ ಬೇಕು. ಹಣದ ವಿಷಯವೂ ಇಲ್ಲೇ ಬರುತ್ತದೆ. ಟಿಕೆಟ್, ಪ್ರಯಾಣ, ಗೊಂಬೆಗಳು ಎಲ್ಲ ಸೇರಿ ಖರ್ಚು ಏರುತ್ತದೆ. ಇಷ್ಟೇ ಎಂದು ಮೊದಲೇ ಗೊತ್ತುಮಾಡಿ. ಕೊಂಡುತಂದ ಉಡುಪಿಗಿಂತ ಹಳೆಯ ಬಟ್ಟೆ, ರಟ್ಟು, ಚಾಪೆಯ ಫೋಮಿನಿಂದ ಮಾಡಿದ್ದಕ್ಕೇ ಅಲ್ಲಿ ಗೌರವ ಹೆಚ್ಚು.

ಮೂರನೆಯದು, ಆಟ ವ್ಯಕ್ತಿಗೆ, ಹೊತ್ತಿಗೆ, ಸ್ಥಳಕ್ಕೆ ಒಪ್ಪುವಂತಿರಬೇಕು. ವಾರ್ಷಿಕ ಪರೀಕ್ಷೆಯ ಮುನ್ನಾದಿನ ಅದಕ್ಕೆ ಹೊತ್ತಲ್ಲ. ಮೇಳ ಸಾಮಾನ್ಯವಾಗಿ ಶನಿವಾರ, ಭಾನುವಾರ ಬರುತ್ತದೆ. ಭಾನುವಾರ ಹೋಗುವವರು ಶನಿವಾರ ಸಂಜೆಯ ಅಥವಾ ಭಾನುವಾರ ಮುಂಜಾನೆಯ ಬಲಿಪೂಜೆಯಲ್ಲಿ ಭಾಗವಹಿಸಿ ಹೋಗಬಹುದು. ಚಿಕ್ಕ ಮಕ್ಕಳನ್ನು ಒಂಟಿಯಾಗಿ ಕಳಿಸಬೇಡಿ, ಜೊತೆಗೆ ಹೋಗಿ. ಹೋದಾಗ ಮೂಲೆಯಲ್ಲಿ ಕೂತು ಗಡಿಯಾರ ನೋಡದೆ, ‘ಇವನು ಯಾರು? ಅವಳ ಕಥೆ ಏನು?’ ಎಂದು ಮಗುವನ್ನೇ ಕೇಳಿ. ಆ ದಿನ ಗುರು ಮಗು, ಶಿಷ್ಯರು ನೀವು.

ನಾವು ತೊಟ್ಟ ಉಡುಪು

ದೀಕ್ಷಾಸ್ನಾನದ ದಿನ ನಮ್ಮೆಲ್ಲರಿಗೂ ಬಿಳಿ ಉಡುಪು ತೊಡಿಸಿದರು. ದೀಕ್ಷಾಸ್ನಾನ ಪಡೆದವರು ಕ್ರಿಸ್ತರನ್ನೇ ಧರಿಸಿಕೊಂಡಿದ್ದಾರೆಂದು ಸಂತ ಪೌಲರು ಗಲಾತ್ಯರಿಗೆ ಬರೆದರು. ಮೇಳದ ವೇಷವನ್ನು ಸಂಜೆ ಕಳಚಿ ಚೀಲದಲ್ಲಿಡುತ್ತೇವೆ. ಈ ಉಡುಪು ಕಳಚುವಂಥದಲ್ಲ. ದಿನದಿಂದ ದಿನಕ್ಕೆ ನಾವು ಅದಕ್ಕೆ ತಕ್ಕವರಾಗಿ ಬೆಳೆಯಬೇಕು. ತಾನು ಮೆಚ್ಚಿದ ವೀರನಂತೆ ಆಗಬೇಕೆಂಬ ಮಗುವಿನ ಆಸೆ ಈ ದೊಡ್ಡ ಆಸೆಯ ಶತ್ರುವಲ್ಲ. ಆ ಆಸೆಯ ಕೈಹಿಡಿದು ಮುಂದೆ ನಡೆಸುವ ಹೊಣೆ ನಮ್ಮದು.

ಮನೆಯಲ್ಲಿ ಕೂಡಿ ಚರ್ಚಿಸಿ

1. ನಮ್ಮ ಮಕ್ಕಳು ಮೆಚ್ಚುವ ಒಂದು ಪಾತ್ರದ ಹೆಸರನ್ನೂ ಕಥೆಯನ್ನೂ ನಾವು ಹೇಳಬಲ್ಲೆವೇ?

2. ಕಳೆದ ತಿಂಗಳು ಮನೆಯವರೆಲ್ಲ ಸೇರಿ ಆಡಿದ್ದು, ನಕ್ಕಿದ್ದು ಯಾವಾಗ?

3. ಮಕ್ಕಳೇ, ನೀವು ಮೆಚ್ಚುವ ಪಾತ್ರದ ಯಾವ ಒಂದು ಒಳ್ಳೆಯ ಗುಣವನ್ನು ವೇಷವಿಲ್ಲದ ದಿನವೂ ತೊಡಬಲ್ಲಿರಿ?