ಗಂಟೆ ಬಾರಿಸದ ಮನೆಯಲ್ಲಿ ವಿಶ್ರಾಂತಿ

ಓದತಕ್ಕ ಭಾಗಗಳು: ವಿಮೋಚನಕಾಂಡ 5:6-18, ಧರ್ಮೋಪದೇಶಕಾಂಡ 5:12-15.

ಪ್ರಿಯರೇ, ದಶಾಜ್ಞೆಗಳು ಸತ್ಯವೇದದಲ್ಲಿ ಎರಡು ಕಡೆ ಬರೆಯಲ್ಪಟ್ಟಿವೆ. ಸಬ್ಬತ್ ದಿನದ ಆಜ್ಞೆಗೆ ವಿಮೋಚನಕಾಂಡವು ಸೃಷ್ಟಿಕಾರ್ಯವನ್ನು ಕಾರಣವಾಗಿ ಹೇಳುತ್ತದೆ. ಧರ್ಮೋಪದೇಶಕಾಂಡವಾದರೋ ಐಗುಪ್ತದ ದಾಸತ್ವವನ್ನು ನೆನಪಿಗೆ ತರುತ್ತದೆ. ಬಿಡುವಿಲ್ಲದೆ ದುಡಿದವರು ತಮ್ಮ ಕೈಕೆಳಗಿನವರಿಗೆ ಬಿಡುವು ಕೊಡಬೇಕು, ಆಳೂ ದಾಸಿಯೂ ಯಜಮಾನನ ಹಾಗೆಯೇ ದಣಿವಾರಿಸಿಕೊಳ್ಳಬೇಕು ಎಂಬದು ಇದರ ತಾತ್ಪರ್ಯ.

ನಮ್ಮ ದೇಶದಲ್ಲಿ 1881ರ ಕಾರ್ಖಾನೆ ಕಾನೂನು ಮಕ್ಕಳಿಗೆ ಮಾತ್ರ ದಿನಕ್ಕೆ ಒಂದು ತಾಸಿನ ಬಿಡುವನ್ನು ಗೊತ್ತುಮಾಡಿತು. 1948ರ ಕಾನೂನು ದೊಡ್ಡವರನ್ನೂ ಸೇರಿಸಿ, ಐದು ತಾಸಿಗಿಂತ ಹೆಚ್ಚು ಹೊತ್ತು ಒಂದೇ ಸಮನೆ ದುಡಿಸಬಾರದು, ನಡುವೆ ಅರ್ಧ ತಾಸಾದರೂ ಬಿಡಬೇಕು ಎಂದು ವಿಧಿಸಿತು. ಬೀಡಿ ಕೆಲಸದವರಿಗೋಸ್ಕರ 1966ರಲ್ಲಿ ಹುಟ್ಟಿದ ಕಾನೂನಿನಲ್ಲಿಯೂ ಅದೇ ಅರ್ಧ ತಾಸು, ವಾರಕ್ಕೊಂದು ರಜೆ. ಮೇಲಾಗಿ, ಬೀಡಿ ಶಾಲೆಯಲ್ಲಿ ಸ್ತ್ರೀಯರನ್ನು ಬೆಳಿಗ್ಗೆ 6ಕ್ಕೆ ಮುಂಚೆಯೂ ಸಂಜೆ 7ರ ನಂತರವೂ ದುಡಿಸಬಾರದೆಂಬ ಕಟ್ಟಳೆ. ಈ ಕಾನೂನನ್ನು ಮಂಗಳೂರು ಗಣೇಶ್ ಬೀಡಿ ವರ್ಕ್ಸ್ ಮೊದಲಾದವರು ಪ್ರಶ್ನಿಸಿದಾಗ ಸುಪ್ರೀಮ್ ಕೋರ್ಟು 1974ರಲ್ಲಿ ಅದನ್ನು ಎತ್ತಿಹಿಡಿಯಿತು. 2025ನೇ ನವೆಂಬರ್ 21ರಿಂದ ಇವುಗಳ ಸ್ಥಾನಕ್ಕೆ 2020ರ ಸಂಹಿತೆಯು ಬಂದಿದೆ. ದಿನಕ್ಕೆ ಎಂಟು ತಾಸು, ವಾರಕ್ಕೆ ಆರು ದಿನ ಎಂಬ ಮಿತಿಯು ಅದರಲ್ಲುಂಟು.

ಇಷ್ಟೆಲ್ಲಾ ಇದ್ದರೂ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಸೀಮೆಗಳಲ್ಲಿ ಬೀಡಿ ಕಟ್ಟುವ ಸಹೋದರಿಯರಲ್ಲಿ ಹೆಚ್ಚಿನವರು ಕೂತುಕೊಳ್ಳುವದು ತಮ್ಮ ಮನೆಯ ಜಗಲಿಯಲ್ಲಿ. ಅಲ್ಲಿ ಬಿಡುವಿನ ಗಂಟೆ ಬಾರಿಸುವವರಿಲ್ಲ. ಕೂಲಿಯು ತಾಸಿನ ಮೇಲಲ್ಲ, ಸಾವಿರದ ಲೆಕ್ಕದ ಮೇಲೆ. ಆದದರಿಂದ ಗಂಜಿ ಬೇಯಿಸಿ, ದನಕ್ಕೆ ಹುಲ್ಲು ಹಾಕಿ, ನೀರು ಸೇದಿ ಮುಗಿಸಿದ ಮೇಲೆ ಆಕೆಯು ಗೆರಸೆಯನ್ನು ಮಡಿಲಿಗೆ ತೆಗೆದುಕೊಳ್ಳುವದೇ ವಿಶ್ರಾಂತಿ ಎಂದು ಮನೆಯವರು ಎಣಿಸುತ್ತಾರೆ. ಕೂತು ಮಾಡುವ ಕೆಲಸವಲ್ಲವೇ ಎನ್ನುವರು! ಬಗ್ಗಿದ ಕತ್ತಿನ ನೋವೂ ಹೊಗೆಸೊಪ್ಪಿನ ಧೂಳಿನ ಕೆಮ್ಮೂ ಹಾಗೆ ಹೇಳುವವರಿಗೆ ತಿಳಿಯದು.

ಫರೋಹನು ಹುಲ್ಲು ಕೊಡುವದನ್ನು ನಿಲ್ಲಿಸಿ ಇಟ್ಟಿಗೆಯ ಲೆಕ್ಕವನ್ನು ಮಾತ್ರ ಕಡಿಮೆ ಮಾಡಲಿಲ್ಲ. ತೂಗಿ ಕೊಟ್ಟ ಎಲೆಯು ಹರಕಾಗಿದ್ದರೆ ಸಾವಿರವು ತುಂಬುವದಿಲ್ಲವೆಂದು ನಮ್ಮವರೂ ಬಲ್ಲರು. ಕಡಿಮೆಬಿದ್ದ ಎಲೆಯನ್ನು ಕೈಹಣದಿಂದ ಕೊಂಡು, ಆ ಹಣವನ್ನು ಮರಳಿ ಸಂಪಾದಿಸುವದಕ್ಕೆ ರಾತ್ರಿಯ ನಿದ್ದೆಯನ್ನು ತೆರುವವರುಂಟು.

ಇಲ್ಲಿ ನನ್ನ ತಪ್ಪನ್ನೂ ಹೇಳಬೇಕು. ಭಾನುವಾರ ಗೆರಸೆ ಮುಟ್ಟದ ಮನೆಗಳನ್ನು ನಾನು ಬಹುಕಾಲ ಪೀಠದಿಂದ ಹೊಗಳುತ್ತಿದ್ದೆನು. ಒಂದು ಶನಿವಾರ ರಾತ್ರಿ ಹತ್ತು ಕಳೆದ ಮೇಲೆ ರೋಗಿಯೊಬ್ಬರನ್ನು ನೋಡಿ ಹಿಂದಿರುಗುವಾಗ, ಅಂಥಾ ಒಂದು ಮನೆಯಲ್ಲಿ ದೀಪ ಉರಿಯುತ್ತಿತ್ತು. ತಾಯಿಯು ನಾಳೆಯ ಬೀಡಿಗಳನ್ನೂ ಇಂದೇ ಕಟ್ಟುತ್ತಿದ್ದಳು. ಗಂಡನೂ ಮಕ್ಕಳೂ ಮಲಗಿದ್ದರು. ಪ್ರಾರ್ಥನೆ ಮಾಡೋಣವೆಂದಾಗ ಆಕೆ ಕಣ್ಣು ಮುಚ್ಚಿದಳು, ಬೆರಳುಗಳು ಮಾತ್ರ ನಿಲ್ಲಲಿಲ್ಲ. ಗದರಿಸಲು ನನಗೆ ಬಾಯಿ ಬರಲಿಲ್ಲ. ನಾನು ಹೊಗಳಿದ ಭಾನುವಾರದ ಬೆಲೆಯನ್ನು ಆಕೆ ಒಬ್ಬಳೇ ಕೊಡುತ್ತಿದ್ದಳು.

ಆದಕಾರಣ ಗಂಡಸರೇ, ಸಬ್ಬತ್ತಿನ ಆಜ್ಞೆಯಲ್ಲಿ ದಾಸಿಗೂ ಎತ್ತಿಗೂ ದೊರೆತ ಬಿಡುವು ನಿಮ್ಮ ಹೆಂಡತಿಗೆ ದೊರೆಯುತ್ತದೋ ನೋಡಿರಿ. ಮಧ್ಯಾಹ್ನ ಊಟವಾದ ಮೇಲೆ ಅರ್ಧ ತಾಸು ಗೆರಸೆಯನ್ನು ಅಟ್ಟಕ್ಕೇರಿಸಿರಿ. ಸಂಜೆಯ ನೀರನ್ನು ನೀವೇ ಸೇದಿರಿ. ಅದಕ್ಕೆ ಯಾವ ಸರಕಾರದ ಅಪ್ಪಣೆಯೂ ಬೇಡ.

ಇನ್ನೊಂದು ಸಂಗತಿ. 1966ರ ಕಾನೂನು ಮನೆಯಲ್ಲಿ ಕಟ್ಟುವವಳನ್ನೂ ಕೆಲಸದವಳೆಂದೇ ಎಣಿಸಿ, ಇಪ್ಪತ್ತು ದಿನದ ಕೆಲಸಕ್ಕೆ ಒಂದು ದಿನದಂತೆ ಕೂಲಿಸಹಿತವಾದ ರಜೆಯನ್ನು ಗೊತ್ತುಮಾಡಿತ್ತು. ಆದರೆ ಯಾವ ಕಾನೂನಿನಲ್ಲಿ ಹಕ್ಕು ಕೇಳಿದರೂ ಹೆಸರೂ ಲೆಕ್ಕವೂ ಬೇಕು. ಕೆಲವು ಮನೆಗಳಲ್ಲಿ ಕಟ್ಟುವವಳು ಒಬ್ಬಳು, ಬ್ರಾಂಚಿನ ಪುಸ್ತಕದಲ್ಲಿರುವ ಹೆಸರು ಇನ್ನೊಬ್ಬರದು. ಮುಂದಿನ ಸ್ತ್ರೀಯರ ಕೂಟಕ್ಕೆ ಬರುವವರು ತಮ್ಮ ಬೀಡಿ ಲೆಕ್ಕದ ಪುಸ್ತಕವನ್ನು ಜತೆಗೆ ತರಲಿ. ಓದಬಾರದವರಿಗೆ ಓದಿ ಹೇಳುವೆವು.