ಹೊರಡದ ಗಾಡಿ

ತುಮಕೂರು ಜಿಲ್ಲೆಯ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ಸೀಮೆ ತೆಂಗಿನ ಸೀಮೆ. ಇಲ್ಲಿಯ ರೈತರು ಕೊಬ್ಬರಿಗೆಂದು ಇಟ್ಟ ಬಲಿತ ಕಾಯಿಯನ್ನು ಕೂಡಲೇ ಒಡೆಯುವುದಿಲ್ಲ; ಸಿಪ್ಪೆಸಹಿತವಾಗಿ ಅಟ್ಟಕ್ಕೇರಿಸಿ ತಿಂಗಳುಗಟ್ಟಲೆ ಒಣಗಲು ಬಿಡುತ್ತಾರೆ. ಒಳಗಿನ ನೀರು ಇಂಗಿ, ತಿರುಳು ಕರಟದಿಂದ ಬಿಟ್ಟುಕೊಂಡು ಉಂಡೆಯಾಗುತ್ತದೆ. ಆಗ ಕಾಯಿಯನ್ನು ಕಿವಿಯ ಬಳಿ ಹಿಡಿದು ಅಲುಗಿಸಿದರೆ ಗಿಟುಕು ಸದ್ದು ಮಾಡುತ್ತದೆ. ಆ ಸದ್ದಿನಿಂದಲೇ ಬಲ್ಲವರು ಒಳಗಿನ ಸ್ಥಿತಿಯನ್ನು ಹೇಳಬಲ್ಲರು. ಕಣ್ಣಿಗೆ ಕಾಣದುದನ್ನು ಕುರುಹುಗಳಿಂದ ಅರಿಯುವ ಈ ವಿದ್ಯೆ ತೆಂಗಿನಕಾಯಿಗೆ ಮಾತ್ರವಲ್ಲ, ಯಂತ್ರಗಳಿಗೂ ಸಲ್ಲುತ್ತದೆ.

ನೊಣವಿನಕೆರೆಯ ರೈತನೊಬ್ಬನ ಮನೆಯಲ್ಲಿ ಹಳೆಯ ಡೀಸೆಲ್ ವ್ಯಾನು ಒಂದಿತ್ತು. ಕೊಬ್ಬರಿಯ ಕಾಲದಲ್ಲಿ ಅದು ಸರಕಿನ ಗಾಡಿ. ಜಾತ್ರೆ, ಯಾತ್ರೆಗಳ ಕಾಲದಲ್ಲಿ ಮನೆಮಂದಿಗೆಲ್ಲ ಸಂಚಾರಿ ಮನೆ. ಮಲಗಲು ಹಲಗೆ, ನೀರಿನ ಡ್ರಮ್ಮು, ಅಡುಗೆಯ ಒಲೆ, ಒಂದು ಪುಟ್ಟ ದೀಪ ಎಲ್ಲವೂ ಅದರಲ್ಲಿದ್ದವು. ಮಳೆಗಾಲವಿಡೀ ಅದು ತೆಂಗಿನ ಗರಿಯ ಚಪ್ಪರದ ಕೆಳಗೆ ನಿಂತಿತ್ತು. ತಿಪಟೂರಿನ ಮಾರುಕಟ್ಟೆಯಲ್ಲಿ ಕೊಬ್ಬರಿಯ ಹರಾಜು ನಡೆಯುವ ದಿನ ಮುಂಜಾನೆ ಚೀಲಗಳನ್ನು ತುಂಬಿ ಕೀಲಿ ತಿರುಗಿಸಿದಾಗ ಗಾಡಿ 'ಊಂ' ಎಂದು ನರಳಿ ನಿಂತುಬಿಟ್ಟಿತು. ಮಗಳ ಕಾಲೇಜಿನ ಶುಲ್ಕ ಕಟ್ಟಲು ಎರಡೇ ದಿನ ಉಳಿದಿದ್ದವು. ಹಣವೆಲ್ಲ ಆ ಚೀಲಗಳಲ್ಲಿತ್ತು.

"ಬ್ಯಾಟರಿ ಸತ್ತಿದೆ, ಹೊಸದು ತನ್ನಿ" ಎಂದರು ನೆರೆಯವರು. "ಸ್ಟಾರ್ಟರ್ ಮೋಟಾರೇ ಸುಟ್ಟಿರಬೇಕು" ಎಂದರು ಮತ್ತೊಬ್ಬರು. ರೈತ ಸಾಲ ತರಲು ಹೊರಟಿದ್ದ. ಅಷ್ಟರಲ್ಲಿ ಒಂಬತ್ತನೆಯ ತರಗತಿಯಲ್ಲಿ ಓದುತ್ತಿದ್ದ ಮಗ ಊರಿನ ವೃದ್ಧ ಮೇಸ್ತ್ರಿಯನ್ನು ಕರೆತಂದ.

ಮೇಸ್ತ್ರಿ ಬಂದವನೇ ಸ್ಪ್ಯಾನರು ಹಿಡಿಯಲಿಲ್ಲ. "ಯಜಮಾನರೆ, ಮದ್ದು ಆಮೇಲೆ; ಮೊದಲು ರೋಗ ಯಾವುದೆಂದು ನೋಡೋಣ" ಎಂದ. ಗೇರು ನ್ಯೂಟ್ರಲ್‌ನಲ್ಲಿದೆಯೇ, ಹ್ಯಾಂಡ್ ಬ್ರೇಕು ಬಿಗಿದಿದೆಯೇ ಎಂದು ನೋಡಿದ. ಕೈಯ ಗಡಿಯಾರವನ್ನೂ ಉಂಗುರವನ್ನೂ ತೆಗೆದಿಟ್ಟ. ಬೀಡಿ ಹಚ್ಚಿಕೊಂಡು ಬಂದವನೊಬ್ಬನನ್ನು ದೂರ ನಿಲ್ಲಿಸಿದ. ಬ್ಯಾಟರಿಯಲ್ಲಿರುವುದು ಗಂಧಕಾಮ್ಲ, ಅದರಿಂದ ಹೊರಡುವ ಜಲಜನಕ ಅನಿಲ ಒಂದು ಕಿಡಿ ತಗುಲಿದರೆ ಸಿಡಿಯಬಲ್ಲದು.

ಅನಂತರ ಹುಡುಗನಿಗೆ ಹೇಳಿದ: "ಮರಿ, ಮುಂದಿನ ದೀಪ ಹಾಕಿ ಕೀಲಿ ತಿರುಗಿಸು. ನೀನು ಸದ್ದು ಕೇಳು, ನಾನು ದೀಪ ನೋಡುತ್ತೇನೆ."

ಈ ಸಣ್ಣ ಪರೀಕ್ಷೆಯಲ್ಲಿ ಬಹಳ ಅರ್ಥವಿದೆ. ದೀಪ ಪ್ರಕಾಶವಾಗಿಯೇ ಇದ್ದು ಏನೂ ಸದ್ದಾಗದಿದ್ದರೆ ದೋಷ ಕೀಲಿಯ ಸ್ವಿಚ್ಚಿನಲ್ಲೋ ರಿಲೇಯಲ್ಲೋ ಸಣ್ಣ ತಂತಿಯಲ್ಲೋ ಇರುವ ಸಂಭವ ಹೆಚ್ಚು. ದೀಪ ಮಂಕಾಗದೆ ಒಮ್ಮೆ 'ಟಕ್' ಎಂದು ಸುಮ್ಮನಾದರೆ ಸ್ಟಾರ್ಟರಿನ ಮೇಲಿರುವ ಸೊಲೆನಾಯ್ಡ್ ಅಥವಾ ಮೋಟಾರಿನ ಸವೆದ ಬ್ರಷ್‌ಗಳನ್ನು ಶಂಕಿಸಬೇಕು. ದೀಪ ಮಂಕಾಗಿ ಎಂಜಿನ್ನು ನರಳಿದರೆ ಬ್ಯಾಟರಿಯನ್ನೋ ದಪ್ಪ ತಂತಿಗಳ ಕೊಂಡಿಗಳನ್ನೋ ಮೊದಲು ನೋಡಬೇಕು. ಎಂಜಿನ್ನು ಚುರುಕಾಗಿ ತಿರುಗಿಯೂ ಹೊತ್ತಿಕೊಳ್ಳದಿದ್ದರೆ ಸ್ಟಾರ್ಟರಿನ ದೋಷವಲ್ಲ; ಡೀಸೆಲಿನ ದಾರಿಯನ್ನು ಪರೀಕ್ಷಿಸಬೇಕು.

ಇಲ್ಲಿ ದೀಪ ಮಂಕಾಯಿತು. "ಹಾಗಾದರೆ ಬ್ಯಾಟರಿಯೇ ಅಲ್ಲವೇ, ತಾತ?" ಎಂದ ಹುಡುಗ. "ಇರಬಹುದು, ಆದರೆ 'ಇರಬಹುದು' ಎಂಬುದಕ್ಕೆ ದುಡ್ಡು ಕೊಡಬಾರದು" ಎಂದು ಮೇಸ್ತ್ರಿ ವೋಲ್ಟ್ ಮೀಟರನ್ನು ತೆಗೆದ.

ವಾಹನದ ಬ್ಯಾಟರಿಯಲ್ಲಿ ಸುಮಾರು 2 ವೋಲ್ಟಿನ ಆರು ಕೋಶಗಳಿರುತ್ತವೆ. ಅವು ತುಂಬಿದ್ದು ವಿಶ್ರಾಂತಿಯಲ್ಲಿದ್ದಾಗ ಮೀಟರು 12.6 ವೋಲ್ಟನ್ನು ತೋರಿಸುತ್ತದೆ. ಈ ಬ್ಯಾಟರಿಯೂ ಅಷ್ಟನ್ನೇ ತೋರಿಸಿತು. ಆದರೆ ಕುಳಿತಿದ್ದಾಗ ಗಟ್ಟಿಯಾಗಿ ಕಾಣುವ ಎತ್ತು ನೊಗಕ್ಕೆ ಹೂಡಿದಾಗಲೂ ಗಟ್ಟಿಯೇ ಎಂಬುದು ಬೇರೆ ಪ್ರಶ್ನೆ. ಕೀಲಿ ತಿರುಗಿಸಿದಾಗ ವೋಲ್ಟೇಜು ಸುಮಾರು 10ಕ್ಕಿಂತ ಕೆಳಗೆ ಕುಸಿದರೆ ಬ್ಯಾಟರಿ ದುರ್ಬಲವೆಂದು ತಿಳಿಯಬೇಕು. ಇಲ್ಲಿ ಅದು 11ರಲ್ಲಿ ನಿಂತಿತು. ಬ್ಯಾಟರಿ ನಿರಪರಾಧಿ!

ಮೇಸ್ತ್ರಿ ಈಗ ಮೀಟರಿನ ಒಂದು ಮೊನೆಯನ್ನು ಬ್ಯಾಟರಿಯ ಋಣ ಧ್ರುವಕ್ಕೂ ಇನ್ನೊಂದನ್ನು ಎಂಜಿನ್ನಿನ ಲೋಹದ ಮೈಗೂ ತಾಗಿಸಿ ಕೀಲಿ ತಿರುಗಿಸಹೇಳಿದ. ಆ ದಾರಿಯಲ್ಲಿ 0.2 ವೋಲ್ಟಿಗಿಂತ ಹೆಚ್ಚು ಕಳೆದುಹೋಗಬಾರದು. ಮೀಟರು 4 ವೋಲ್ಟನ್ನು ತೋರಿಸಿತು.

ಕಾರಣ ಸರಳವಾದುದು. ವಾಹನದಲ್ಲಿ ವಿದ್ಯುತ್ತು ಹೋಗಲು ತಂತಿಯಿದೆ; ಮರಳಲು ಗಾಡಿಯ ಲೋಹದ ಮೈಯೇ ದಾರಿ. ಇದನ್ನು 'ಅರ್ಥ್' ಎನ್ನುತ್ತಾರೆ. ಋಣ ಧ್ರುವದ ದಪ್ಪ ತಂತಿಯನ್ನು ಮೈಗೆ ಬಿಗಿದ ಬೋಲ್ಟಿನ ಅಡಿಯಲ್ಲಿ ಮಳೆಗಾಲದ ತೇವದಿಂದ ತುಕ್ಕು ಕಟ್ಟಿತ್ತು. ಆ ತುಕ್ಕಿನ ಪ್ರತಿರೋಧ ಒಂದು ಓಮಿನ ಐವತ್ತನೆಯ ಒಂದು ಭಾಗದಷ್ಟು ಅತ್ಯಲ್ಪ. ಆದರೆ ವೋಲ್ಟೇಜು, ಪ್ರವಾಹ, ಪ್ರತಿರೋಧಗಳ ಸಂಬಂಧವನ್ನು 1827ರಲ್ಲಿ ಪ್ರಕಟಿಸಿದ ಜರ್ಮನಿಯ ಉಪಾಧ್ಯಾಯ ಓಮ್‌ನ ನಿಯಮದಂತೆ ಲೆಕ್ಕ ಹಾಕಿ ನೋಡಬಹುದು. ಎರಡು ದೀಪಗಳಿಗೆ ಬೇಕಾದುದು 10 ಆಂಪಿಯರ್. ಅವು ಮಾತ್ರ ಉರಿಯುವಾಗ ಆ ತುಕ್ಕು ನುಂಗುವುದು 0.2 ವೋಲ್ಟ್ ಮಾತ್ರ. ಸ್ಟಾರ್ಟರು 200 ಆಂಪಿಯರ್ ಎಳೆಯುವಾಗ ಅದೇ ತುಕ್ಕು 4 ವೋಲ್ಟನ್ನು ನುಂಗುತ್ತದೆ. ದೀಪ ಚೆನ್ನಾಗಿ ಉರಿದರೂ ಗಾಡಿ ಹೊರಡದಿರುವ ರಹಸ್ಯ ಇದೇ.

ಮೇಸ್ತ್ರಿ ಮೊದಲು ಋಣ ಧ್ರುವದ ಕೊಂಡಿಯನ್ನು ಕಳಚಿದ. ಬೋಲ್ಟನ್ನು ಬಿಚ್ಚಿ, ತಂತಿಯ ತುದಿಯನ್ನೂ ಮೈಯನ್ನೂ ಉಪ್ಪು ಕಾಗದದಿಂದ ಹೊಳೆಯುವಂತೆ ಉಜ್ಜಿ, ಬಿಗಿದು, ಮೇಲೆ ಗ್ರೀಸು ಸವರಿದ. ಕೊಂಡಿಯನ್ನು ಮರಳಿ ಜೋಡಿಸಿ ಕೀಲಿ ತಿರುಗಿಸಿದೊಡನೆ ಎಂಜಿನ್ನು ಗುಡುಗಿತು. ಖರ್ಚಾದುದು ಒಂದು ಚೂರು ಉಪ್ಪು ಕಾಗದ, ಅರ್ಧ ಗಂಟೆಯ ಸಮಯ.

ಈ ಪುಟ್ಟ ಕೀಲಿಯ ಹಿಂದೆ ಹಲವರ ಶ್ರಮವಿದೆ. 1800ರಲ್ಲಿ ಇಟಲಿಯ ವೋಲ್ಟಾ ವಿದ್ಯುತ್ಕೋಶದ ರಚನೆಯನ್ನು ಪ್ರಕಟಿಸಿದ. 1859ರಲ್ಲಿ ಫ್ರಾನ್ಸಿನ ಪ್ಲಾಂಟೆ ಮತ್ತೆ ಮತ್ತೆ ತುಂಬಬಹುದಾದ ಸೀಸದ ಬ್ಯಾಟರಿಯನ್ನು ನಿರ್ಮಿಸಿದ. ಮೊದಮೊದಲು ಮೋಟಾರು ಗಾಡಿಯನ್ನು ಹ್ಯಾಂಡಲಿನಿಂದ ತಿರುಗಿಸಿ ಹೊರಡಿಸಬೇಕಾಗಿತ್ತು. ಅದು ಹಿಂದಕ್ಕೆ ಹೊಡೆದು ಕೈ ಮುರಿದುಕೊಂಡವರಿದ್ದರು. ಅಮೆರಿಕದ ಕೆಟರಿಂಗ್ ರೂಪಿಸಿದ ವಿದ್ಯುತ್ ಸ್ಟಾರ್ಟರು 1912ರ ಮಾದರಿಯ ಕ್ಯಾಡಿಲಾಕ್ ಕಾರಿನಲ್ಲಿ ಬಂದ ಮೇಲೆ ಆ ಕಷ್ಟ ಕ್ರಮೇಣ ತಪ್ಪಿತು.

ವ್ಯಾನು ತಿಪಟೂರಿನ ದಾರಿ ಹಿಡಿಯಿತು. ಹುಡುಗ ಕೇಳಿದ: "ತಾತ, ತುಕ್ಕು ಅಲ್ಲಿದೆಯೆಂದು ನಿಮಗೆ ಮೊದಲೇ ಗೊತ್ತಿತ್ತೇ?"

ಮೇಸ್ತ್ರಿ ನಕ್ಕು ನುಡಿದ: "ಇಲ್ಲ ಮರಿ. ಎಲ್ಲಿ ಇಲ್ಲ ಎಂಬುದನ್ನು ಒಂದೊಂದಾಗಿ ತಿಳಿದುಕೊಂಡೆ. ಕೊನೆಗೆ ಉಳಿದ ಜಾಗದಲ್ಲಿ ಅದು ಇತ್ತು."

ಊಹೆ ಬೇಗ ಬರುತ್ತದೆ; ಸತ್ಯ ಪರೀಕ್ಷೆಯ ಹಿಂದೆ ನಿಧಾನವಾಗಿ ಬರುತ್ತದೆ. ನಿರಪರಾಧಿಯನ್ನು ದಂಡಿಸದೆ ದೋಷದ ಮೂಲವನ್ನು ತಾಳ್ಮೆಯಿಂದ ಅರಸುವುದು ಯಂತ್ರದ ವಿಷಯದಲ್ಲಿ ಹೇಗೋ ಬಾಳಿನಲ್ಲಿಯೂ ಹಾಗೆಯೇ ಹಿತಕರ.