ದಾನಿಯ ಹೆಸರು ಗೋಡೆಯ ಮೇಲಿದೆ, ಲೆಕ್ಕ ಎಲ್ಲಿದೆ?

ನೆರೆಗೆ ಕುಸಿದ ಮನೆಗಳ ಬದಲಿಗೆ ಎದ್ದ ಹೊಸ ಮನೆಗಳಿರಲಿ, ಶಾಲೆಯ ಅಂಗಳದ ಶುದ್ಧ ನೀರಿನ ಘಟಕವಿರಲಿ, ಹೊರದೇಶದ ಹಣದಿಂದ ನಡೆದ ಕೆಲಸವಾದರೆ ಗೋಡೆಯ ಮೇಲೊಂದು ಫಲಕ ಸಾಮಾನ್ಯವಾಗಿ ಇದ್ದೇ ಇರುತ್ತದೆ. ಮೇಲೆ ದಾನಿ ಸಂಸ್ಥೆಯ ಹೆಸರು, ಕೆಳಗೆ ಕೆಲಸ ಮಾಡಿಸಿದ ಇಲ್ಲಿನ ಟ್ರಸ್ಟಿನದೋ ಸಂಘದ್ದೋ ಹೆಸರು. ಎಷ್ಟು ಬಂತು, ಎಷ್ಟು ಖರ್ಚಾಯಿತು ಎಂಬುದು ಮಾತ್ರ ಕಾಣುವುದಿಲ್ಲ. ಊರಿನವರು ಯಾರಾದರೂ ಕೇಳಿದರೆ ‘ಇದೇನು ಸರ್ಕಾರದ ದುಡ್ಡಲ್ಲವಲ್ಲ, ನಿಮಗ್ಯಾಕೆ ಲೆಕ್ಕ?’ ಎಂಬ ಉತ್ತರ ಬರುತ್ತದೆ.

ಸರ್ಕಾರದ ದುಡ್ಡಲ್ಲ ಎಂಬುದು ನಿಜ. ಲೆಕ್ಕ ಕೇಳುವಂತಿಲ್ಲ ಎಂಬುದು ಸುಳ್ಳು.

ಹೊರಗಿನ ದೇಣಿಗೆಯನ್ನು ನಿಯಂತ್ರಿಸುವ ಮೊದಲ ಕಾನೂನು ಬಂದದ್ದು 1976ರಲ್ಲಿ, ತುರ್ತು ಪರಿಸ್ಥಿತಿಯ ದಿನಗಳಲ್ಲಿ. ಅದರ ಜಾಗಕ್ಕೆ ಬಂದ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ 2010, ಜನರ ಬಾಯಲ್ಲಿ ಎಫ್‌ಸಿಆರ್‌ಎ, 2011ರ ಮೇ 1ರಿಂದ ಜಾರಿಯಲ್ಲಿದೆ. 2020ರ ಸೆಪ್ಟೆಂಬರಿನ ತಿದ್ದುಪಡಿ ಅದನ್ನು ಇನ್ನಷ್ಟು ಬಿಗಿಗೊಳಿಸಿತು. ಈ ಕಾಯ್ದೆಯ ಉಸ್ತುವಾರಿ ಯಾರದು ನೋಡಿ: ಆರೋಗ್ಯ ಇಲಾಖೆಯದಲ್ಲ, ಸಮಾಜ ಕಲ್ಯಾಣದ್ದಲ್ಲ, ಕೇಂದ್ರ ಗೃಹ ಸಚಿವಾಲಯದ್ದು. ಕಾನೂನಿನ ಒಲವು ಯಾವ ಕಡೆಗೆ ಎಂದು ತಿಳಿಯಲು ಇಷ್ಟು ಸಾಕು. ಬಂದ ಹಣದಿಂದ ದೇಶಕ್ಕೆ ಕೆಡುಕಾಗುತ್ತದೆಯೇ ಎಂಬುದು ಅದರ ಮೊದಲ ಪ್ರಶ್ನೆ. ಬಡವನ ಕೈಗೆ ಮುಟ್ಟಿತೇ ಎಂಬುದು ಆಮೇಲಿನದು. ಹಾಗಾಗಿ ಸಂಸ್ಥೆಗಳು ದೆಹಲಿಗೆ ಕಂತೆ ಕಂತೆ ಲೆಕ್ಕ ಕೊಡುತ್ತವೆ. ಆದರೆ ಯಾರ ಹೆಸರು ಹೇಳಿ ಹಣ ತಂದರೋ ಅವರ ಮುಂದೆ ಆ ಲೆಕ್ಕ ಇಡಿ ಎಂದು ಹೇಳುವ ಸೆಕ್ಷನ್ ಈ ಕಾಯ್ದೆಯಲ್ಲಿಲ್ಲ. ಆ ಕೊರತೆಯನ್ನು ನಾವು ಬೇರೆ ಕಾಯ್ದೆಗಳಿಂದ ತುಂಬಿಕೊಳ್ಳಬೇಕು.

ಮೊದಲು ಸಂಸ್ಥೆಗಿರುವ ಕಟ್ಟುಪಾಡುಗಳನ್ನು ತಿಳಿದುಕೊಳ್ಳೋಣ. ವಿದೇಶಿ ದೇಣಿಗೆ ಪಡೆಯಲು ಗೃಹ ಸಚಿವಾಲಯದ ನೋಂದಣಿ ಬೇಕು. ಅದು ಐದು ವರ್ಷಕ್ಕೆ; ಮುಗಿಯುವ ಮೊದಲು ನವೀಕರಿಸಿಕೊಳ್ಳಬೇಕು. ನೋಂದಣಿಯಿಲ್ಲದ ಹೊಸ ಸಂಸ್ಥೆ ನಿರ್ದಿಷ್ಟ ದಾನಿಯಿಂದ ನಿರ್ದಿಷ್ಟ ಕೆಲಸಕ್ಕೆಂದು ಪೂರ್ವಾನುಮತಿ ಪಡೆಯಬಹುದು. ಎರಡೂ ಇಲ್ಲದೆ ಒಂದು ರೂಪಾಯಿ ತೆಗೆದುಕೊಂಡರೂ ತಪ್ಪು. ಹಣ ಮೊದಲು ಬಂದು ಬೀಳಬೇಕಾದದ್ದು ಒಂದೇ ಕಡೆ: ಸ್ಟೇಟ್ ಬ್ಯಾಂಕಿನ ನವದೆಹಲಿ ಮುಖ್ಯ ಶಾಖೆಯ ಖಾತೆಗೆ. ಬೀದರಿನ ಸಂಸ್ಥೆಯಾದರೂ ಸರಿ, ಬೆಂಗಳೂರಿನದಾದರೂ ಸರಿ, ಹಣ ದೆಹಲಿ ಮುಟ್ಟಿಯೇ ಊರಿಗೆ ಬರಬೇಕು. ಆ ಖಾತೆಯಲ್ಲಿ ಸ್ಥಳೀಯ ದೇಣಿಗೆಯನ್ನು ಬೆರೆಸುವಂತಿಲ್ಲ. ಹಳೆಯ ಲ್ಯಾಪ್‌ಟಾಪ್, ಔಷಧಿ, ಕಂಬಳಿಯಂಥ ವಸ್ತುರೂಪದ ನೆರವೂ ದೇಣಿಗೆಯೇ. ಖಾತೆಯ ಹಣಕ್ಕೆ ಬಂದ ಬಡ್ಡಿಯೂ ದೇಣಿಗೆಯೇ.

ಆಡಳಿತ ವೆಚ್ಚಕ್ಕೆ ವರ್ಷದ ದೇಣಿಗೆಯ ಶೇ 20ಕ್ಕಿಂತ ಹೆಚ್ಚು ಬಳಸುವಂತಿಲ್ಲ. 2020ಕ್ಕೆ ಮೊದಲು ಮಿತಿ ಶೇ 50 ಇತ್ತು. ಇಲ್ಲೊಂದು ತಪ್ಪು ತಿಳಿವಳಿಕೆ ಬಹಳ ಕಡೆ ಕಾಣುತ್ತದೆ. ‘ಸಂಬಳಕ್ಕೇ ಅರ್ಧ ಹಣ ಹೋಗಿದೆ’ ಎಂದು ದೂರು ಬರೆಯುವವರು ಯಾರ ಸಂಬಳ ಎಂದು ನೋಡಿರುವುದಿಲ್ಲ. ಟ್ರಸ್ಟಿಗಳ ಸಂಭಾವನೆ, ಕಚೇರಿ ಬಾಡಿಗೆ, ಅವರ ಓಡಾಟದ ಖರ್ಚು ಆಡಳಿತ ವೆಚ್ಚ. ಆಸ್ಪತ್ರೆಯ ವೈದ್ಯರ, ಶಾಲೆಯ ಶಿಕ್ಷಕರ, ನೇರವಾಗಿ ತರಬೇತಿ ಕೊಡುವವರ ಸಂಬಳ ಆ ಲೆಕ್ಕಕ್ಕೆ ಬರುವುದಿಲ್ಲ. ಅದು ಸೇವೆಯ ಖರ್ಚು.

ಇನ್ನೊಂದು ದೊಡ್ಡ ಬದಲಾವಣೆ ಸೆಕ್ಷನ್ 7ರದು. ಬಂದ ಹಣವನ್ನು ಬೇರೊಂದು ಸಂಸ್ಥೆಗೆ, ಅದಕ್ಕೂ ನೋಂದಣಿ ಇದ್ದರೂ, ಹಂಚಿಕೊಡುವಂತಿಲ್ಲ. ಮೊದಲು ನಗರದ ದೊಡ್ಡ ಸಂಸ್ಥೆಗಳು ಹಳ್ಳಿಯ ಸಣ್ಣ ಸಂಘಗಳಿಗೆ ಹಣ ದಾಟಿಸಿ ಕೆಲಸ ಮಾಡಿಸುತ್ತಿದ್ದವು. ಕೈ ಬದಲಾದಂತೆ ಲೆಕ್ಕ ಮಸುಕಾಗುತ್ತದೆ ಎಂಬುದು ಸರ್ಕಾರದ ವಾದ, ಅದರಲ್ಲಿ ಹುರುಳಿಲ್ಲದಿಲ್ಲ. ಆದರೆ 2021ರಲ್ಲಿ ಕೋವಿಡ್ ಎರಡನೇ ಅಲೆ ಎದ್ದಾಗ ಈ ನಿಷೇಧ ನೆರವಿನ ಕಾಲಿಗೇ ತೊಡರಿತು. ಊರು ಬಲ್ಲ ಸಣ್ಣ ಸಂಘಗಳಲ್ಲಿ ಎಷ್ಟೋ ಬರಿಗೈಯಲ್ಲಿ ಉಳಿದವು.

ಸರ್ಕಾರ ತಾನೇ ಸ್ಥಾಪಿಸಿದ ನಿಧಿಗೆ ಇದೇ ಅಳತೆ ಹಿಡಿದಿಲ್ಲ ಎಂಬುದನ್ನೂ ಹೇಳಬೇಕು. ಪಿಎಂ ಕೇರ್ಸ್ ನಿಧಿ ವಿದೇಶಿ ದೇಣಿಗೆ ಪಡೆಯುತ್ತದೆ, ಎಫ್‌ಸಿಆರ್‌ಎಯಿಂದ ಅದಕ್ಕೆ ವಿನಾಯಿತಿಯಿದೆ, ಅದು ಮಾಹಿತಿ ಹಕ್ಕಿನ ವ್ಯಾಪ್ತಿಗೂ ಬರುವುದಿಲ್ಲ ಎಂದು ಪ್ರಧಾನಿ ಕಚೇರಿ ವಾದಿಸುತ್ತ ಬಂದಿದೆ.

ಈಗ ಲೆಕ್ಕದ ಕಾಗದಕ್ಕೆ ಬರೋಣ. ಪ್ರತಿ ಸಂಸ್ಥೆಯೂ ಆರ್ಥಿಕ ವರ್ಷ ಮುಗಿದ ಒಂಬತ್ತು ತಿಂಗಳೊಳಗೆ, ಅಂದರೆ ಡಿಸೆಂಬರ್ 31ರೊಳಗೆ, ಎಫ್‌ಸಿ-4 ಎಂಬ ನಮೂನೆಯಲ್ಲಿ ವಾರ್ಷಿಕ ವರದಿಯನ್ನು ಗೃಹ ಸಚಿವಾಲಯಕ್ಕೆ ಸಲ್ಲಿಸಬೇಕು. ಆ ವರ್ಷ ಹಣವೇ ಬರದಿದ್ದರೂ ‘ಶೂನ್ಯ’ ಎಂದು ಬರೆದು ಕೊಡಬೇಕು. ದಾನಿ ಯಾರು, ಯಾವ ಕೆಲಸಕ್ಕೆ ಎಷ್ಟು ಬಂತು, ಎಷ್ಟು ಖರ್ಚಾಯಿತು, ಎಷ್ಟು ಉಳಿಯಿತು ಎಲ್ಲವೂ ಅದರಲ್ಲಿ ಇರುತ್ತದೆ, ಜೊತೆಗೆ ಲೆಕ್ಕಪರಿಶೋಧಕರ ಪ್ರಮಾಣಪತ್ರ. 2023ರ ಸೆಪ್ಟೆಂಬರಿನಿಂದ ಈ ಹಣದಲ್ಲಿ ಕೊಂಡ ಜಮೀನು, ಕಟ್ಟಡ, ವಾಹನಗಳ ವಿವರವನ್ನೂ ಸೇರಿಸಬೇಕು. ನಿಮ್ಮ ಊರಿನಲ್ಲಿ ಕಟ್ಟಿದೆವೆಂದು ಹೇಳುವ ಸಮುದಾಯ ಭವನ ಕಾಗದದ ಮೇಲೆ ಯಾವ ಬೆಲೆಗೆ ನಿಂತಿದೆ ಎಂದು ತಿಳಿಯಲು ಇದಕ್ಕಿಂತ ನೇರವಾದ ದಾಖಲೆ ಇನ್ನೊಂದಿಲ್ಲ.

ಈ ವರದಿಗಳನ್ನು ಮೊದಲು ಯಾರು ಬೇಕಾದರೂ ಸಚಿವಾಲಯದ ಜಾಲತಾಣದಲ್ಲೇ ತೆರೆದು ನೋಡಬಹುದಿತ್ತು. 2022ರ ಜುಲೈನಲ್ಲಿ ಅವನ್ನು ಅಲ್ಲಿಂದ ತೆಗೆಯಲಾಯಿತು. ಮೂರು ತಿಂಗಳಿಗೊಮ್ಮೆ ದೇಣಿಗೆಯ ವಿವರ ಪ್ರಕಟಿಸಬೇಕೆಂಬ ನಿಯಮವೂ ಅದೇ ತಿಂಗಳು ಹೋಯಿತು. ಸಂಸ್ಥೆಗಳ ಮೇಲೆ ಬಿಗಿ ಹೆಚ್ಚಿಸಿ ಸಾರ್ವಜನಿಕರ ಕಣ್ಣಿಗೆ ಪರದೆ ಎಳೆದದ್ದು ನನಗಂತೂ ಸರಿಕಂಡಿಲ್ಲ. ಆದರೂ ವರ್ಷದ ಲೆಕ್ಕಪರಿಶೋಧಿತ ಪಟ್ಟಿಯನ್ನು ಸಂಸ್ಥೆಯ ಸ್ವಂತ ಜಾಲತಾಣದಲ್ಲಿ ಇಲ್ಲವೇ ಸರ್ಕಾರ ಹೇಳಿದ ಜಾಲತಾಣದಲ್ಲಿ ಹಾಕಬೇಕೆಂಬ 13ನೇ ನಿಯಮ ಉಳಿದಿದೆ. ಮೊದಲು ಸಂಸ್ಥೆಯ ಜಾಲತಾಣವನ್ನೇ ನೋಡಿ. ಅಲ್ಲಿಯೇ ಸಿಕ್ಕರೆ ಅರ್ಜಿಯ ಗೋಜಿಲ್ಲ.

ಸಿಗದಿದ್ದರೆ ಮಾಹಿತಿ ಹಕ್ಕು ಕಾಯ್ದೆ 2005 ಇದೆ. ಇಲ್ಲಿ ಹಲವರು ಎಡವುವುದು ಅರ್ಜಿಯನ್ನು ನೇರವಾಗಿ ಸಂಸ್ಥೆಗೇ ಬರೆದು. ಸರ್ಕಾರದಿಂದ ಗಣನೀಯ ಹಣ ಪಡೆಯುವ ಸ್ವಯಂಸೇವಾ ಸಂಸ್ಥೆಯೂ ಈ ಕಾಯ್ದೆಯಡಿ ಉತ್ತರ ಕೊಡಬೇಕೆಂದು ಸುಪ್ರೀಂ ಕೋರ್ಟ್ 2019ರ ಡಿಎವಿ ಕಾಲೇಜು ಟ್ರಸ್ಟ್ ಪ್ರಕರಣದಲ್ಲಿ ಹೇಳಿದೆ. ಆದರೆ ಬರೀ ವಿದೇಶಿ ಹಣದಿಂದ ನಡೆಯುವ ಸಂಸ್ಥೆಗೆ ಅದು ಅನ್ವಯಿಸದು. ಅರ್ಜಿ ಹೋಗಬೇಕಾದದ್ದು ಗೃಹ ಸಚಿವಾಲಯದ ಎಫ್‌ಸಿಆರ್‌ಎ ವಿಭಾಗದ ಸಾರ್ವಜನಿಕ ಮಾಹಿತಿ ಅಧಿಕಾರಿಗೆ. ಬೇರೆ ಯಾವುದೇ ಕಾನೂನಿನಡಿ ಸರ್ಕಾರಿ ಪ್ರಾಧಿಕಾರ ಪಡೆಯಬಹುದಾದ ಖಾಸಗಿ ಸಂಸ್ಥೆಯ ವಿವರವೂ ‘ಮಾಹಿತಿ’ಯೇ ಎನ್ನುತ್ತದೆ ಸೆಕ್ಷನ್ 2(ಎಫ್). ಎಫ್‌ಸಿ-4 ಅಂತೂ ಆಗಲೇ ಅವರ ಕಡತದಲ್ಲಿ ಇದೆ.

ಅರ್ಜಿ ಕನ್ನಡದಲ್ಲೇ ಬರೆಯಬಹುದು. ಇಂಗ್ಲಿಷ್, ಹಿಂದಿ ಅಥವಾ ಅರ್ಜಿ ಸಲ್ಲಿಸುವ ಪ್ರದೇಶದ ಅಧಿಕೃತ ಭಾಷೆ ಎಂದು ಸೆಕ್ಷನ್ 6 ಹೇಳುತ್ತದೆ. ಹಾಗಿದ್ದರೂ ಕೆಳಗೊಂದು ಇಂಗ್ಲಿಷ್ ಸಾರ ಇದ್ದರೆ ಕೆಲಸ ಬೇಗ ಸಾಗುತ್ತದೆ. ಶುಲ್ಕ 10 ರೂಪಾಯಿ, ಪೋಸ್ಟಲ್ ಆರ್ಡರ್ ಸಾಕು. ಬಿಪಿಎಲ್ ಕುಟುಂಬದವರಿಗೆ ಅದೂ ಇಲ್ಲ. ಕೇಂದ್ರದ ಆನ್‌ಲೈನ್ ಆರ್‌ಟಿಐ ಪೋರ್ಟಲ್ ಬಳಸಬಹುದು. ಕಂಪ್ಯೂಟರ್ ಗೊತ್ತಿಲ್ಲದವರು ಗೊತ್ತುಪಡಿಸಿದ ಅಂಚೆ ಕಚೇರಿಯಲ್ಲಿ ಕೊಟ್ಟರೆ ಅವರೇ ದೆಹಲಿಗೆ ರವಾನಿಸುತ್ತಾರೆ. ಗಡುವಿಗೆ ಐದು ದಿನ ಸೇರುತ್ತದೆ, ಅಷ್ಟೆ. ರಾಜ್ಯದ ಕಚೇರಿಗಳಿಗೆ ಬರೆಯುವಾಗ ಕರ್ನಾಟಕದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, 150 ಪದ. ಕೇಂದ್ರದಲ್ಲಿ 500 ಪದಗಳವರೆಗೆ ಬರೆಯಬಹುದು.

ಏನು ಕೇಳಬೇಕೆಂಬುದರಲ್ಲಿ ಜಾಣತನ ಬೇಕು. ‘ಹಣ ದುರುಪಯೋಗವಾಗಿದೆಯೇ, ಯಾಕೆ ಕ್ರಮ ಕೈಗೊಂಡಿಲ್ಲ?’ ಎಂದರೆ ಅದು ಮಾಹಿತಿಯಲ್ಲ ಎಂದು ಅರ್ಜಿ ವಾಪಸ್ ಬರುತ್ತದೆ. ಸಂಸ್ಥೆಯ ಹೆಸರು, ನೋಂದಣಿ ಸಂಖ್ಯೆ, ವರ್ಷ ಬರೆದು, ‘ಈ ವರ್ಷಗಳ ಎಫ್‌ಸಿ-4 ವರದಿ, ಅದರ ಜೊತೆಗಿನ ಲೆಕ್ಕಪರಿಶೋಧನಾ ಪ್ರಮಾಣಪತ್ರ ಮತ್ತು ಸ್ಥಿರಾಸ್ತಿ ವಿವರದ ದೃಢೀಕೃತ ಪ್ರತಿ ಕೊಡಿ’ ಎನ್ನಿ. ಸಿಬ್ಬಂದಿಯ ವಿಳಾಸ, ಫಲಾನುಭವಿಗಳ ಹೆಸರು ಕೇಳಬೇಡಿ. ಅವು ವೈಯಕ್ತಿಕ ಎಂಬ ನೆಪದಲ್ಲಿ ಇಡೀ ಅರ್ಜಿಯೇ ಮೂಲೆ ಸೇರಬಹುದು.

ಉತ್ತರಕ್ಕೆ 30 ದಿನ. ಸಂಸ್ಥೆಯ ಅಭಿಪ್ರಾಯ ಕೇಳಬೇಕೆಂದು ಅಧಿಕಾರಿಗೆ ಅನಿಸಿದರೆ ಸೆಕ್ಷನ್ 11ರ ನೋಟಿಸ್ ಹೋಗುತ್ತದೆ, ಗಡುವು 40 ದಿನಕ್ಕೆ ಏರುತ್ತದೆ. ಸಂಸ್ಥೆ ಬೇಡ ಎಂದಾಕ್ಷಣ ಮಾಹಿತಿ ನಿರಾಕರಿಸುವಂತಿಲ್ಲ; ತೀರ್ಮಾನ ಅಧಿಕಾರಿಯದು. ‘ಇದು ನಂಬಿಕೆಯ ಮೇಲೆ ನಮಗೆ ಕೊಟ್ಟ ದಾಖಲೆ’ ಎಂಬ ಉತ್ತರ ಬಂದರೆ, ಕಾನೂನಿನ ಒತ್ತಾಯಕ್ಕೆ ಸಲ್ಲಿಕೆಯಾದ ದಾಖಲೆಗೆ ಆ ರಕ್ಷಣೆ ಸಿಗದು ಎಂದು ರಿಸರ್ವ್ ಬ್ಯಾಂಕ್ ಪ್ರಕರಣದಲ್ಲಿ 2015ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದನ್ನು ಮೇಲ್ಮನವಿಯಲ್ಲಿ ಎತ್ತಿ ತೋರಿಸಿ. ಮೊದಲ ಮೇಲ್ಮನವಿಗೆ 30 ದಿನ, ಕೇಂದ್ರ ಮಾಹಿತಿ ಆಯೋಗಕ್ಕೆ ಎರಡನೆಯದಕ್ಕೆ 90 ದಿನ. ಆಯೋಗದಲ್ಲಿ ಕಾಯುವ ತಾಳ್ಮೆ ಮಾತ್ರ ನಿಮ್ಮದೇ.

ಕಾಗದ ಕೈಗೆ ಬಂದು, ಅದಕ್ಕೂ ಊರಿನ ವಾಸ್ತವಕ್ಕೂ ತಾಳೆಯಾಗದಿದ್ದರೆ? ಎಲ್ಲ ದೂರಿಗೂ ಒಂದೇ ಬಾಗಿಲಲ್ಲ. ಹತ್ತು ಸಾವಿರಕ್ಕೆ ಹೆಬ್ಬೆಟ್ಟು ಒತ್ತಿಸಿಕೊಂಡು ನಾಲ್ಕು ಸಾವಿರ ಕೈಗಿಟ್ಟರೆ ಅದು ವಂಚನೆ. ಭಾರತೀಯ ನ್ಯಾಯ ಸಂಹಿತೆಯಡಿ ಹತ್ತಿರದ ಪೊಲೀಸ್ ಠಾಣೆಯಲ್ಲೇ ದೂರು ಕೊಡಬಹುದು, ದೆಹಲಿಯ ದಾರಿ ಕಾಯಬೇಕಿಲ್ಲ. ಶೇ 20ರ ಮಿತಿ ಮೀರಿದ್ದು, ಹಣ ಬೇರೆ ಸಂಸ್ಥೆಗೆ ದಾಟಿದ್ದು, ಹೇಳಿದ ಉದ್ದೇಶ ಬಿಟ್ಟು ಖರ್ಚಾದದ್ದು ಎಫ್‌ಸಿಆರ್‌ಎ ಉಲ್ಲಂಘನೆ. ದೂರು ಗೃಹ ಸಚಿವಾಲಯಕ್ಕೆ. ಸಚಿವಾಲಯ ಲೆಕ್ಕಪತ್ರ ತಪಾಸಣೆಗೆ ಅಧಿಕಾರಿಯನ್ನು ನೇಮಿಸಬಹುದು, ತನಿಖೆಯನ್ನು ಸಿಬಿಐಗೆ ಒಪ್ಪಿಸಬಹುದು. ಸೆಕ್ಷನ್ 35ರಡಿ ಐದು ವರ್ಷದವರೆಗೆ ಜೈಲು, ದಂಡ ಅಥವಾ ಎರಡೂ ಆಗಬಹುದು.

ಹೆಚ್ಚು ಜನರಿಗೆ ಗೊತ್ತಿಲ್ಲದ ಮೂರನೇ ಬಾಗಿಲು ಲೋಕಪಾಲ. ವರ್ಷಕ್ಕೆ 10 ಲಕ್ಷ ರೂಪಾಯಿಗಿಂತ ಹೆಚ್ಚು ವಿದೇಶಿ ದೇಣಿಗೆ ಪಡೆಯುವ ಸಂಸ್ಥೆಯ ನಿರ್ದೇಶಕರು, ವ್ಯವಸ್ಥಾಪಕರು, ಕಾರ್ಯದರ್ಶಿಗಳು 2013ರ ಲೋಕಪಾಲ ಕಾಯ್ದೆಯ ಸೆಕ್ಷನ್ 14ರಡಿ ಬರುತ್ತಾರೆ. ಭ್ರಷ್ಟಾಚಾರ ತಡೆ ಕಾಯ್ದೆಯ ಅಪರಾಧಗಳು ಮಾತ್ರ ಅಲ್ಲಿ ವಿಚಾರಣೆಗೆ ಬರುತ್ತವೆ. ಲೆಕ್ಕದ ಸಣ್ಣಪುಟ್ಟ ಏರುಪೇರು ಅಲ್ಲ. ಎಂಟನೇ ಅನುಸೂಚಿಯ ಭಾಷೆಗಳಲ್ಲಿ ದೂರು ಕೊಡಬಹುದಾದ್ದರಿಂದ ಕನ್ನಡಕ್ಕೆ ತಡೆಯಿಲ್ಲ. ಘಟನೆ ನಡೆದ ಏಳು ವರ್ಷದೊಳಗೆ, ಅಫಿಡವಿಟ್ ಸಮೇತ ಸಲ್ಲಿಸಬೇಕು. ದುರುದ್ದೇಶದ ಸುಳ್ಳು ದೂರಿಗೆ ಒಂದು ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ ಇದೆ.

ಈ ಎಚ್ಚರಿಕೆ ಸುಮ್ಮನೆ ಬರೆದದ್ದಲ್ಲ. ಪಂಚಾಯಿತಿ ಚುನಾವಣೆಯ ಹಗೆ ತೀರಿಸಿಕೊಳ್ಳಲು ಕೊಟ್ಟ ಅರ್ಜಿಯಿಂದ ನಡೆಯುತ್ತಿರುವ ಆಸ್ಪತ್ರೆಯೊಂದು ನಿಲ್ಲಬಹುದು. ತನಿಖೆಯ ವೇಳೆ ನೋಂದಣಿಯನ್ನು 180 ದಿನ, ಮತ್ತೆ ಅಷ್ಟೇ ದಿನ ಅಮಾನತಿನಲ್ಲಿಡುವ ಅಧಿಕಾರ ಸರ್ಕಾರಕ್ಕಿದೆ. ಆ ಅವಧಿಯಲ್ಲಿ ಕೈಯಲ್ಲಿರುವ ಹಣದ ಶೇ 25ರಷ್ಟನ್ನು ಮಾತ್ರ, ಅದೂ ಅನುಮತಿ ಪಡೆದು, ಖರ್ಚು ಮಾಡಬಹುದು. ನೋಂದಣಿ ರದ್ದಾದರೆ ಮೂರು ವರ್ಷ ಮತ್ತೆ ಕೇಳುವಂತಿಲ್ಲ, ಆ ಹಣದ ಆಸ್ತಿ ಸರ್ಕಾರ ನೇಮಿಸಿದ ಪ್ರಾಧಿಕಾರದ ವಶಕ್ಕೆ ಹೋಗುತ್ತದೆ. ಸಂಸ್ಥೆಗೂ ಹಕ್ಕುಗಳಿವೆ: ರದ್ದು ಮಾಡುವ ಮೊದಲು ಅಹವಾಲು ಕೇಳಲೇಬೇಕು, ಆದೇಶದ ವಿರುದ್ಧ 60 ದಿನದೊಳಗೆ ಹೈಕೋರ್ಟಿಗೆ ಹೋಗಬಹುದು. ಬಂದ್, ಧರಣಿಗೆ ಬೆಂಬಲ ಕೊಟ್ಟ ಮಾತ್ರಕ್ಕೆ, ಸಕ್ರಿಯ ರಾಜಕಾರಣದ ನಂಟಿಲ್ಲದ ಸಂಸ್ಥೆಯ ದೇಣಿಗೆ ತಡೆಯುವಂತಿಲ್ಲ ಎಂದು 2020ರ ಮಾರ್ಚ್‌ನಲ್ಲಿ ಇನ್ಸಾಫ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಎರಡು ವರ್ಷದ ನಂತರ ನೋಯೆಲ್ ಹಾರ್ಪರ್ ಪ್ರಕರಣದಲ್ಲಿ ಅದೇ ನ್ಯಾಯಾಲಯ, ವಿದೇಶಿ ದೇಣಿಗೆ ಪಡೆಯುವುದು ಪರಿಪೂರ್ಣ ಹಕ್ಕಲ್ಲ ಎಂದು 2020ರ ತಿದ್ದುಪಡಿಗಳನ್ನು ಎತ್ತಿಹಿಡಿಯಿತು. ಸಾಮಾನ್ಯ ನಾಗರಿಕನ ದೂರು ಈ ಎರಡು ತೀರ್ಪುಗಳ ನಡುವಿನ ಜಾಗದಲ್ಲಿ ನಿಲ್ಲಬೇಕು: ಸಂಸ್ಥೆಯ ನಿಲುವಿನ ಮೇಲಲ್ಲ, ಅದರ ಲೆಕ್ಕದ ಮೇಲೆ.

ಕೊನೆಗೆ, ದೂರು ಕೊಡುವವರಿಗಿಂತ ಹೆಚ್ಚು ಕನ್ನಡಿಗರಿಗೆ ತಗಲುವ ಸಂಗತಿ. ಊರಿನ ಹಳೆ ವಿದ್ಯಾರ್ಥಿ ಸಂಘಕ್ಕೆ, ಜಾತ್ರಾ ಸಮಿತಿಗೆ, ಗ್ರಂಥಾಲಯಕ್ಕೆ ಅಮೆರಿಕದಿಂದಲೋ ಕೊಲ್ಲಿಯಿಂದಲೋ ಹಣ ಬರುತ್ತದೆ. ಕಳಿಸಿದವರು ಭಾರತದ ಪಾಸ್‌ಪೋರ್ಟ್ ಉಳಿಸಿಕೊಂಡಿದ್ದು, ಸ್ವಂತ ಉಳಿತಾಯದ ಹಣವನ್ನು ಬ್ಯಾಂಕಿನ ಮೂಲಕ ಕೊಟ್ಟರೆ ಅದು ವಿದೇಶಿ ದೇಣಿಗೆಯಲ್ಲ. ಅದೇ ವ್ಯಕ್ತಿ ಅಲ್ಲಿನ ಪೌರತ್ವ ಪಡೆದಿದ್ದರೆ, ಕೈಯಲ್ಲಿ ಒಸಿಐ ಕಾರ್ಡ್ ಇದ್ದರೂ, ಕಾನೂನಿನ ಕಣ್ಣಿಗೆ ಆತ ವಿದೇಶಿ ಮೂಲ. ಅಲ್ಲಿ ನೋಂದಾಯಿತವಾದ ಕನ್ನಡ ಸಂಘ ಚೆಕ್ ಕೊಟ್ಟರೂ ಹಾಗೆಯೇ. ಮಗ ಅಮ್ಮನಿಗೆ ಕಳಿಸುವ ಹಣಕ್ಕೆ ಈ ತೊಡಕಿಲ್ಲ, ಸಂಬಂಧಿಕರಿಗೆ ವಿನಾಯಿತಿಯಿದೆ. ವರ್ಷಕ್ಕೆ 10 ಲಕ್ಷ ದಾಟಿದರೆ ಮಾತ್ರ ಮೂರು ತಿಂಗಳೊಳಗೆ ಎಫ್‌ಸಿ-1 ನಮೂನೆಯಲ್ಲಿ ತಿಳಿಸಬೇಕು. ಆದರೆ ಅದೇ ಮಗ ದೇವಸ್ಥಾನದ ಜೀರ್ಣೋದ್ಧಾರ ಸಮಿತಿಗೆ ಬರೆದ ಚೆಕ್ಕನ್ನು ಖಾತೆಗೆ ಹಾಕುವ ಮೊದಲು ಖಜಾಂಚಿ ಅವನ ಪಾಸ್‌ಪೋರ್ಟಿನ ಪ್ರತಿಯೊಂದನ್ನು ತರಿಸಿ ರಸೀದಿ ಪುಸ್ತಕದ ಜೊತೆ ಇಟ್ಟುಕೊಳ್ಳುವುದು ಒಳ್ಳೆಯದು. ಪೌರತ್ವ ಬದಲಾಗಿದ್ದು ಸಮಿತಿಗೆ ನೋಂದಣಿ ಇಲ್ಲದಿದ್ದರೆ, ಎಷ್ಟೇ ಸಂಕೋಚವಾದರೂ ಚೆಕ್ ಹಿಂತಿರುಗಿಸಬೇಕು.